ಖೋಬರಿನ ಸ್ಪ್ಯಾನಿಷ್ ಊಟವೂ ನಮ್ಮ ಗೃಹಪ್ರವೇಶವೂ

ಅಲ್ ಖೋಬರ್

ಸೌದಿ ಅರೇಬಿಯಾದಲ್ಲಿ ಏನು ನೋಡಿದೆ ಎಂದು ಕೇಳಿದವರಿಗೆಲ್ಲ ನಾನು "ಮುಚ್ಚಿದ ಬಾಗಿಲು" ಎಂದೇ ಹೇಳುತ್ತೇನೆ. ತಮಾಷೆಗಲ್ಲ. ತರಕಾರಿ ಅಂಗಡಿಗೆ ಹೋದರೆ ನಮಾಜಿಗೆ ಮುಚ್ಚಿರುತ್ತಿತ್ತು. ಅದು ತೆರೆಯುವವರೆಗೆ ಔಷಧಿ ಅಂಗಡಿಗಾದರೂ ಹೋಗೋಣವೆಂದರೆ ಅದೂ ಮುಚ್ಚಿರುತ್ತಿತ್ತು. ನಮಾಜಿನ ಬಗ್ಗೆ ನನ್ನ ತಕರಾರೇನಿಲ್ಲ. ನಮ್ಮ ಮೈಸೂರಿನಲ್ಲೂ ಅಂಗಡಿಯವನು ದೇವರ ಪಟಕ್ಕೆ ಊದುಬತ್ತಿ ಬೆಳಗುವಾಗ ಗಿರಾಕಿಯ ಮುಖ ನೋಡುವುದಿಲ್ಲ. ನನ್ನ ತಕರಾರು ನಮ್ಮ ಯಜಮಾನರ ಮೇಲೆ. ಒಂಬತ್ತು ವರ್ಷದಿಂದ ಅದೇ ಊರಿನಲ್ಲಿದ್ದ ಮನುಷ್ಯ ದಿನಾ ಅದೇ ಹೊತ್ತಿಗೆ ಮುಚ್ಚುವ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಅಯ್ಯೋ, ಮುಚ್ಚಿಬಿಟ್ಟಿದ್ದಾರಲ್ಲ" ಎಂದು ದಿನಾ ಆಶ್ಚರ್ಯಪಡುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆ ಅದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಪರೀಕ್ಷೆಯ ಪೇಪರುಗಳನ್ನು ತಿದ್ದಿ ಮುಗಿಸಿ, ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, ವಿಸಿಟ್ ವೀಸಾದ ಮೇಲೆ ಹೊರಟಿದ್ದೆ. ಊರು ನೋಡುವ ಆಸೆ ನನಗಿರಲಿಲ್ಲ. ಗಂಡನನ್ನು ಕರೆದುಕೊಂಡು ಬರುವುದಕ್ಕೆ ಹೋಗಿದ್ದೆ.

ಬೋಗಾದಿ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ ಕಟ್ಟಿ ಮುಗಿದು ವರ್ಷ ದಾಟಿತ್ತು. ಬಣ್ಣ ಹೊಡೆಸಿ, ನಲ್ಲಿ ಕೂರಿಸಿ, ಬೀಗ ಹಾಕಿ, ನಾನು ಎರಡು ಬೀದಿ ಆಚೆ ಬಾಡಿಗೆ ಮನೆಯಲ್ಲಿದ್ದೆ. ಗೃಹಪ್ರವೇಶಕ್ಕೆ ಯಜಮಾನರು ಬೇಕಲ್ಲ. ಹೋಮಕ್ಕೆ ದಂಪತಿಗಳು ಕೂರಬೇಕು, ಒಬ್ಬಳೇ ಕೂತರೆ ಪುರೋಹಿತರು ಒಪ್ಪುವುದಿಲ್ಲ. ಮೂರು ಸಲ ಮುಹೂರ್ತ ಇಡಿಸಿದ್ದೆ, ಮೂರು ಸಲವೂ ಖೋಬರಿನಿಂದ ಫೋನ್ ಬಂತು: "ಕಫೀಲ್ ರಜೆ ಕೊಡಲಿಲ್ಲ ಪದ್ಮಾ." ಕಫೀಲ್ ಎಂದರೆ ಆ ದೇಶದಲ್ಲಿ ನಮ್ಮವರಿಗೆ ಕೆಲಸ ಕೊಟ್ಟ ಧಣಿ. ಪಾಸ್‌ಪೋರ್ಟ್ ಅವನ ಕೈಯಲ್ಲಿ. ಅವನು ಹೂಂ ಎನ್ನದೆ ದೇಶ ಬಿಟ್ಟು ಕದಲುವಂತಿಲ್ಲ. ಈ ನಡುವೆ ಸಜ್ಜೆಯ ಮೇಲೆ ಪಾರಿವಾಳಗಳು ನಮಗಿಂತ ಮೊದಲೇ ಗೃಹಪ್ರವೇಶ ಮಾಡಿಕೊಂಡು ಮೊಟ್ಟೆ ಇಟ್ಟವು. ಬಂಧುಗಳು ಕೇಳಿ ಕೇಳಿ ಸುಸ್ತಾಗಿ, ಕೊನೆಗೆ ಕೇಳುವುದನ್ನೇ ಬಿಟ್ಟರು. ಅದು ಇನ್ನೂ ಅವಮಾನ.

ನಾಲ್ಕನೆಯ ಮುಹೂರ್ತ ಜ್ಯೇಷ್ಠದಲ್ಲಿತ್ತು. ತಪ್ಪಿದರೆ ಆಷಾಢ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ಪಂಚಾಂಗವನ್ನು ಜೊತೆಗೆ ತರಬೇಡ, ಅದರಲ್ಲಿ ದೇವರ ಚಿತ್ರಗಳಿರುತ್ತವೆ, ಏರ್‌ಪೋರ್ಟಿನಲ್ಲಿ ರಗಳೆಯಾದೀತು ಎಂದು ಇವರು ಮೊದಲೇ ಹೆದರಿಸಿದ್ದರಿಂದ ತಿಥಿ, ವಾರ, ನಕ್ಷತ್ರವನ್ನೆಲ್ಲ ಬಾಯಿಪಾಠ ಮಾಡಿಕೊಂಡು ವಿಮಾನ ಹತ್ತಿದ್ದೆ. ದಹ್ರಾನ್ ಏರ್‌ಪೋರ್ಟಿನ ಹೊರಗೆ ಇವರು ಕೈಯಲ್ಲಿ ಕಪ್ಪು ಅಬಾಯ ಹಿಡಿದು ನಿಂತಿದ್ದರು. ಮೂರು ವರ್ಷದ ಮೇಲೆ ಗಂಡನ ಮುಖ ನೋಡುತ್ತಿದ್ದೇನೆ. ಆ ಮನುಷ್ಯ ಆಡಿದ ಮೊದಲ ಮಾತು, "ಇದನ್ನು ಹಾಕ್ಕೊಂಡುಬಿಡು, ಯಾರಾದ್ರೂ ಏನಾದ್ರೂ ಅಂದಾರು." ಅದು ನನಗಿಂತ ಒಂದು ಗೇಣು ಉದ್ದವಿತ್ತು. ತಿಂಗಳಿಡೀ ಅದನ್ನು ಎತ್ತಿ ಹಿಡಿದುಕೊಂಡೇ ಓಡಾಡಿದೆ.

ಆಹ್ವಾನ

ಇವರು ಎಸಿ ಕೂರಿಸುವ ಕಂಪನಿಯಲ್ಲಿ ಎಂಜಿನಿಯರ್. ಧಣಿಯ ಹೆಸರು ಅಬೂ ಖಾಲಿದ್. ಖಾಲಿದ್ ಎಂಬ ಮಗನ ತಂದೆ ಎಂದು ಅರ್ಥವಂತೆ. ಅವನ ಹೆಂಡತಿಯನ್ನು ಉಮ್ಮು ಖಾಲಿದ್ ಎನ್ನುತ್ತಾರೆ, ಖಾಲಿದನ ತಾಯಿ. ನಾನು ಬಂದ ದಿನದಿಂದ "ರಜೆ ಕೇಳಿದಿರಾ?" ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳುತ್ತಿದ್ದೆ. "ಕೇಳ್ತೀನಿ, ಅವನ ಮೂಡ್ ನೋಡಿ ಕೇಳ್ಬೇಕು" ಎನ್ನುತ್ತಿದ್ದರು. ಮೂಡ್ ನೋಡುವುದರಲ್ಲೇ ಎರಡು ವಾರ ಕಳೆಯಿತು. ಅಷ್ಟರಲ್ಲಿ ಆ ಧಣಿಯೇ ನಮ್ಮಿಬ್ಬರನ್ನೂ ಊಟಕ್ಕೆ ಕರೆದ. ಹೊಸದಾಗಿ ತೆರೆದಿದ್ದ ಸ್ಪ್ಯಾನಿಷ್ ರೆಸ್ಟೋರೆಂಟಿಗೆ, ಗುರುವಾರ ರಾತ್ರಿ, ದಿನದ ಕೊನೆಯದಾದ ಇಶಾ ನಮಾಜಿನ ನಂತರ.

"ನೀವು ಕೇಳದಿದ್ದರೆ ನಾನೇ ಕೇಳ್ತೀನಿ" ಎಂದೆ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಜೋಡಿಸಿ, ಕನ್ನಡಿಯ ಮುಂದೆ ನಿಂತು ಹೇಳಿಕೊಂಡೆ. ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿಸಿಕೊಂಡರು.

ಪರದೇಶಿ ಹೋಟೆಲಿನಲ್ಲಿ ನಮಗೆ ಸಲ್ಲುವಂಥದ್ದು ಏನು ಸಿಕ್ಕೀತು ಎಂದು ನಾನು ಏಳು ಗಂಟೆಗೇ ಅನ್ನ, ಸಾರು, ಹಪ್ಪಳ ಮಾಡಿದೆ, ಇಬ್ಬರೂ ಹೊಟ್ಟೆ ತುಂಬ ಊಟ ಮಾಡಿದೆವು. ಆಮೇಲೆ ಮೈಸೂರು ಸಿಲ್ಕ್ ಉಟ್ಟು, ಅದರ ಮೇಲೆ ಅಬಾಯ ತೊಟ್ಟು ಹೊರಟೆ. ಮೇ ತಿಂಗಳ ಖೋಬರಿನಲ್ಲಿ ರೇಷ್ಮೆ ಸೀರೆಯ ಮೇಲೆ ಕಪ್ಪು ನಿಲುವಂಗಿ ಹಾಕಿಕೊಳ್ಳುವುದೆಂದರೆ ಕುಕ್ಕರಿನಲ್ಲಿ ಕೂತ ಹಾಗೆ. ಸೀಟಿ ಹೊಡೆಯುವುದೊಂದು ಬಾಕಿ.

ಕಾರ್ನಿಶ್ ರಸ್ತೆ, ರೆಸ್ಟೋರೆಂಟಿನ ಬಾಗಿಲಲ್ಲಿ

ಮೈಸೂರಿನವರಿಗೆ "ಇಶಾ ನಂತರ" ಎಂದರೆ ಇಶಾ ಮುಗಿದ ತಕ್ಷಣ. ಮದುವೆಯಲ್ಲಿ ಮೊದಲ ಪಂಕ್ತಿಗೇ ಎಲೆ ಹಿಡಿಯುವ ಜನ ನಾವು. ನಮಾಜು ಮುಗಿಯುವ ಮೊದಲೇ ಹೋಗಿ ಸಮುದ್ರದಂಡೆಯ ರಸ್ತೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತೆವು. ಸೆಕೆಗೆ ಇವರ ಕನ್ನಡಕ ಮಂಜಾಯಿತು, ಒರೆಸಿಕೊಂಡರು, ಮತ್ತೆ ಮಂಜಾಯಿತು. ಬಾಗಿಲು ತೆರೆದಾಗ ಗೊತ್ತಾಯಿತು, ಬಾಗಿಲು ಒಂದಲ್ಲ, ಎರಡು. ಗಂಡಸರಿಗೆ ಮುಂದಿನದು, ಕುಟುಂಬಗಳಿಗೆ ಪಕ್ಕದ ಓಣಿಯಲ್ಲಿನದು. ಅಬೂ ಖಾಲಿದ್ ಗಂಡಸರ ಕಡೆ ಒಂದು ಮೇಜನ್ನೂ, ಹೆಂಗಸರಿಗೆಂದು ಒಂದು ಕ್ಯಾಬಿನ್ನನ್ನೂ ಹೇಳಿಟ್ಟಿದ್ದ.

ಅಂದರೆ ನಾನು ಅವನ ಮುಖವನ್ನೇ ನೋಡುವಂತಿಲ್ಲ. ಕನ್ನಡಿಯ ಮುಂದೆ ಕಲಿತ ನಾಲ್ಕು ವಾಕ್ಯಗಳೂ ದಂಡ.

"ಇದು ನಿಮಗೆ ಗೊತ್ತಿತ್ತು ತಾನೆ?" ಎಂದೆ.

"ಇಲ್ಲಿ ಹೀಗೇ ಅಲ್ವಾ ಪದ್ಮಾ" ಎಂದರು.

ಧಣಿಯ ಮನೆಯವರು ಬರುವವರೆಗಾದರೂ ಕ್ಯಾಬಿನ್ನಿನಲ್ಲಿ ನನ್ನ ಜೊತೆ ಕೂರಿ ಎಂದೆ. ಗಂಡ ಹೆಂಡತಿ ಕೂರುವುದಕ್ಕೆ ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ಇವರು, "ಬೇಡ, ಅವನ ಹೆಂಡತಿ ಇದ್ದಕ್ಕಿದ್ದ ಹಾಗೆ ಬಂದುಬಿಟ್ರೆ ಚೆನ್ನಾಗಿರಲ್ಲ" ಎಂದು ಆ ಕಡೆ ಹೋದರು. ನಡುವೆ ಒಂದು ತೆಳು ಮರದ ಗೋಡೆ. ಆ ಕಡೆ ಇವರು ಒಬ್ಬರೇ, ಈ ಕಡೆ ನಾನು ಒಬ್ಬಳೇ. ಹೀಗೆ ಎರಡು ಗಂಟೆಗೂ ಹೆಚ್ಚು ಕೂತೆವು. ಇವರ ಕೆಮ್ಮು ನನಗೆ ಕೇಳುತ್ತಿತ್ತು.

ಗೋಡೆಯ ಮೇಲೆ ಕೆಂಪು ಬಟ್ಟೆ ಹಿಡಿದ ಒಬ್ಬನೂ, ಅವನ ಮೇಲೆ ಎರಗುತ್ತಿದ್ದ ಒಂದು ಗೂಳಿಯೂ ಇದ್ದ ಚಿತ್ರ. ನೋಡುತ್ತ ನೋಡುತ್ತ ನನಗೆ ಗೂಳಿಯ ಮೇಲೆ ಪೂರ್ತಿ ಸಹಾನುಭೂತಿ ಬಂತು. "ರಾಮ ರಾಮ, ಇನ್ನೆಷ್ಟು ಹೊತ್ತಪ್ಪಾ" ಎಂದು ಗೊಣಗಿದೆ. ಕ್ಯಾಬಿನ್ನಿನ ಪರದೆಯ ಹೊರಗಿನಿಂದ ಕನ್ನಡ ಬಂತು.

"ಅಕ್ಕ ಮೈಸೂರಿನವರಾ? ಅವ್ರು ಈಗ ಬರುದಿಲ್ಲ ಅಕ್ಕ. ಹತ್ತೂವರೆ ಆಗ್ತದೆ. ಇಶಾ ಆದ್ಮೇಲೆ ಅಂತ ಹೇಳಿದ್ರೆ ಇಲ್ಲಿ ಹಾಗೇ."

ಅವನು ಹಮೀದ್, ಉಪ್ಪಿನಂಗಡಿಯವನು, ಆ ಹೋಟೆಲಿನ ಹಿರಿಯ ವೇಟರ್. ಅಡುಗೆಯವ ಸಿರಿಯಾದವನು, ಉಳಿದ ವೇಟರುಗಳು ಫಿಲಿಪೈನ್ಸಿನವರು, ಮಾಲೀಕ ಸೌದಿ. "ಸ್ಪೇನಿನವರು ಯಾರೂ ಇಲ್ವಾ?" ಎಂದು ಕೇಳಿದೆ. "ಎಂತಕ್ಕೆ ಅಕ್ಕ? ಅವ್ರು ಬಂದ್ರೆ ಊಟ ಸರಿ ಇಲ್ಲ ಅಂತ ಹೇಳ್ಲಿಕ್ಕುಂಟು" ಎಂದ. ನನಗೆ ನಗು ಬಂತು. ಆ ರಾತ್ರಿ ನಾನು ನಕ್ಕದ್ದು ಅದೊಂದೇ ಸಲ.

ಹೆಂಗಸರ ಕ್ಯಾಬಿನ್

ಹನ್ನೊಂದು ಹೊಡೆಯುವುದಕ್ಕೆ ಸ್ವಲ್ಪ ಮೊದಲು ಉಮ್ಮು ಖಾಲಿದ್ ಬಂದರು. ದಢೂತಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ಮುಸುಕು ತೆಗೆದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಶುದ್ಧ ಬೊಂಬಾಯಿ ಹಿಂದಿಯಲ್ಲಿ, "ಕೂತ್ಕೋ ಕೂತ್ಕೋ, ಕಾಯಿಸಿಬಿಟ್ಟೆನಾ?" ಎಂದಾಗ ನಾನು ಬೆಪ್ಪಾದೆ. ಅವರ ತಂದೆ ಬೊಂಬಾಯಿಯಲ್ಲಿ ಮುತ್ತಿನ ವ್ಯಾಪಾರ ಮಾಡುತ್ತಿದ್ದರಂತೆ. ಬಾಲ್ಯವೆಲ್ಲ ಅಲ್ಲೇ. ನಾನು ಪರೀಕ್ಷೆ ಕಟ್ಟಿ ಪಾಸಾದ ಹಿಂದಿಯವಳು, ಪುಸ್ತಕದಲ್ಲಿದ್ದ ಹಾಗೆ ತಡೆದು ತಡೆದು ಮಾತಾಡುತ್ತೇನೆ. ಆದರೂ ಧೈರ್ಯ ಬಂತು. ಧಣಿ ಸಿಗದಿದ್ದರೆ ಧಣಿಯ ಹೆಂಡತಿ. ನಮ್ಮಲ್ಲೂ ಕೆಲಸ ಆಗುವುದು ಹೆಚ್ಚಾಗಿ ಆ ದಾರಿಯಲ್ಲೇ.

ಊಟ ಶುರುವಾಯಿತು. ಮೊದಲು ತಣ್ಣನೆಯ ಟೊಮೆಟೊ ಸಾರು. ಫ್ರಿಜ್ಜಿನಿಂದ ತೆಗೆದದ್ದು, ಒಗ್ಗರಣೆ ಇಲ್ಲ. ಬಿಸಿ ಮಾಡುವುದನ್ನು ಮರೆತಿದ್ದಾರೆ ಎಂದುಕೊಂಡೆ. ಇಲ್ಲ, ಅದು ಇರುವುದೇ ಹಾಗಂತೆ. ಆಮೇಲೆ ಅಗಲವಾದ ಬಾಣಲೆಯಲ್ಲಿ ಹಳದಿ ಅನ್ನ ಬಂತು. ಚಿತ್ರಾನ್ನ ಎಂದು ಕೈ ಮುಂದೆ ಮಾಡಿದೆ, ಅದರೊಳಗಿಂದ ಸಿಗಡಿಯೊಂದು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಕೈ ಹಿಂದಕ್ಕೆ ಬಂತು. ನಾನು ಮಾಂಸ ಮೀನು ತಿನ್ನುವುದಿಲ್ಲ ಎಂದು ತಿಳಿದ ಉಮ್ಮು ಖಾಲಿದ್ ಎದೆಯ ಮೇಲೆ ಕೈ ಇಟ್ಟುಕೊಂಡು ಮರುಗಿದರು, ನನಗೆ ಯಾವುದೋ ದೊಡ್ಡ ಕಾಯಿಲೆ ಇದೆ ಎನ್ನುವ ಹಾಗೆ. ತಕ್ಷಣ ಹಮೀದನನ್ನು ಕರೆದು, ಸುಟ್ಟ ಬದನೆಕಾಯಿ, ಆಲೂಗಡ್ಡೆ, ಬ್ರೆಡ್ಡು, ಇದ್ದದ್ದನ್ನೆಲ್ಲ ತರಿಸಿದರು.

ಇಲ್ಲಿ ನನ್ನ ಗ್ರಹಚಾರ ಶುರುವಾಯಿತು. ಎಲೆಯಲ್ಲಿ ಬಿಟ್ಟು ಏಳಬಾರದು ಎಂದು ಬೆಳೆದವಳು ನಾನು. ಸಾರನ್ನದ ಮೇಲೆ ಕಷ್ಟಪಟ್ಟು ಬದನೆಕಾಯಿಯನ್ನೂ ಖಾಲಿ ಮಾಡಿದೆ. ಮಾಡುತ್ತಿದ್ದಂತೆ ಉಮ್ಮು ಖಾಲಿದ್ ಇನ್ನಷ್ಟು ಬಡಿಸಿದರು. ಅದನ್ನೂ ಖಾಲಿ ಮಾಡಿದೆ. ಇನ್ನಷ್ಟು ಬಂತು. ಸಾಕು ಎಂದೆ. ನಮ್ಮಲ್ಲಿ ಹೆಂಗಸರು ಸಾಕು ಎಂದರೆ ಬಡಿಸುವವರು ಹೇಗೆ ಕಿವಿಗೆ ಹಾಕಿಕೊಳ್ಳುವುದಿಲ್ಲವೋ ಅವರೂ ಹಾಗೇ. ಮೂರನೇ ಸಲ ಹಮೀದನೇ ಪರದೆಯ ಆಚೆಯಿಂದ, "ಅಕ್ಕ, ತಟ್ಟೆಯಲ್ಲಿ ಸ್ವಲ್ಪ ಬಿಡಿ ಮಾರಾಯ್ರೆ. ಖಾಲಿ ಮಾಡಿದ್ರೆ ನಿಮ್ಗೆ ಸಾಲ್ಲಿಲ್ಲ ಅಂತ ಲೆಕ್ಕ" ಎಂದು ಕನ್ನಡದಲ್ಲಿ ಪಿಸುಗುಟ್ಟಿದ. ಒಂಬತ್ತು ವರ್ಷ ಈ ಜನರ ಜೊತೆ ಉಂಡ ನಮ್ಮವರಿಗೆ ಇಷ್ಟನ್ನು ಹೇಳಲು ಬಾಯಿ ಬಂದಿರಲಿಲ್ಲ.

ಆ ಕಡೆಯಿಂದ ಅಬೂ ಖಾಲಿದನ ನಗು ಕೇಳುತ್ತಿತ್ತು. ಮೂಡ್ ಬಹಳ ಚೆನ್ನಾಗಿದ್ದ ಹಾಗಿತ್ತು.

"ಹಮೀದ್, ನಮ್ಮ ಯಜಮಾನರು ರಜೆ ಕೇಳಿದ್ರಾ ಅಂತ ಸ್ವಲ್ಪ ಕೇಳಿಕೊಂಡು ಬಾಪ್ಪ" ಎಂದೆ.

ಹೋದ, ಬಂದ. "ಅಣ್ಣ ಹೇಳಿದ್ರು, ಊಟ ಆಗ್ಲಿ ಅಂತೆ."

ಅರ್ಧ ಗಂಟೆ ಬಿಟ್ಟು ಮತ್ತೆ ಕಳಿಸಿದೆ. "ಕಾಫಿ ಬರ್ಲಿ ಅಂತೆ ಅಕ್ಕ."

ನನಗೆ ರೇಗಿತು. ಇವರನ್ನು ನಂಬಿ ಕೂತರೆ ಆಷಾಢ ಬರುತ್ತದೆ, ಶ್ರಾವಣವೂ ಬರುತ್ತದೆ. ಉಮ್ಮು ಖಾಲಿದ್ ಕಡೆ ತಿರುಗಿ ನನ್ನ ಪರೀಕ್ಷೆಯ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಮನೆ ಕಟ್ಟಿದ್ದು, ಗಂಡ ಹೆಂಡತಿ ಇಬ್ಬರೂ ಕೂತು ಪೂಜೆ ಮಾಡದೆ ನಾವು ಹೊಸ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ ಎಂಬುದು, ಮೂರು ಮುಹೂರ್ತ ತಪ್ಪಿದ್ದು. "ಅಮ್ಮಾ, ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ಈ ಸಲವಾದರೂ ನಮ್ಮವರಿಗೆ ರಜೆ ಕೊಡಿಸಿ" ಎಂದು ಕೈ ಹಿಡಿದುಕೊಂಡೆ. ಬೇಡುವುದು ನನಗೆ ಅಭ್ಯಾಸವಿರಲಿಲ್ಲ.

ಉಮ್ಮು ಖಾಲಿದ್ ನನ್ನ ಮುಖವನ್ನೇ ನೋಡಿದರು. "ರಜೆಯಾ? ಕಳೆದ ವರ್ಷ ನನ್ನ ಗಂಡನೇ ಹೋಗು ಎಂದಿದ್ದ. ರಂಜಾನಿನ ಮುಂಚೆಯೂ ಹೇಳಿದ, ಟಿಕೆಟ್ ನಾನು ಕೊಡ್ತೀನಿ, ಮಗಳ ಮುಖ ನೋಡ್ಕೊಂಡು ಬಾ ಅಂತ. ನಿನ್ನ ಗಂಡನೇ ಈಗ ಬೇಡ, ಈಗ ಬೇಡ ಅಂತಾನೆ. ಅವನಿಗೆ ಮನೆಯಲ್ಲಿ ಏನೋ ಜಗಳ ಇರಬೇಕು ಅಂದ್ಕೊಂಡಿದ್ವಿ. ಅದಕ್ಕೇ ನೀನು ಬಂದಿದ್ದೀಯ ಅಂತ ಈ ಊಟ."

ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಅವರು ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದರು. ನನಗೆ ಮೊದಲ ಸಲವೇ ಅರ್ಥವಾಗಿತ್ತು.

"ಹಮೀದ್," ಎಂದೆ. "ನಮ್ಮ ಯಜಮಾನರಿಗೆ, ನೀವು ಒಂದು ಸಲವಾದರೂ ರಜೆ ಕೇಳಿದ್ದೀರೋ ಇಲ್ಲವೋ, ಹೌದು ಅಥವಾ ಇಲ್ಲ ಎರಡರಲ್ಲಿ ಒಂದು ಹೇಳಬೇಕಂತೆ ಅಂತ ಹೇಳು."

ಹೋದ. ಬರುವುದಕ್ಕೆ ತಡವಾಯಿತು.

"ಏನ್ ಹೇಳಿದ್ರು?"

"ಅಣ್ಣ ನೀರು ಕುಡೀತಾ ಇದ್ದಾರೆ ಅಕ್ಕ."

ಗೋಡೆಗೆ ಬಡಿದದ್ದು

ಉಮ್ಮು ಖಾಲಿದರಿಗೆ ಕನ್ನಡ ಬರುವುದಿಲ್ಲ, ಆದರೆ ಹೆಂಡತಿಯ ಮುಖ ಓದುವುದಕ್ಕೆ ಯಾವ ಭಾಷೆ ಬೇಕು? ನನ್ನ ಹತ್ತಿರಕ್ಕೆ ಸರಿದು, "ನಾನು ಈಗಲೇ ಗೋಡೆ ಬಡಿದು ನನ್ನ ಗಂಡನಿಗೆ ಹೇಳಿಬಿಡಲಾ? ನೀನು ಹೂಂ ಅನ್ನು. ಶನಿವಾರ ಪಾಸ್‌ಪೋರ್ಟ್ ನಿನ್ನ ಗಂಡನ ಕೈಯಲ್ಲಿರುತ್ತೆ" ಎಂದರು.

ಒಳಗೆ ಬೆಂಕಿ ಹತ್ತಿದ್ದರೂ ಗಂಡನನ್ನು ಧಣಿಯ ಎದುರು ಸುಳ್ಳುಗಾರನನ್ನಾಗಿ ನಿಲ್ಲಿಸುವುದು ಸಣ್ಣ ಮಾತಲ್ಲ. ಶುಕ್ರವಾರದ ರಜೆ ಕಳೆದ ಮೇಲೆ ಆ ಆಫೀಸಿಗೆ ಹೋಗಿ ತಲೆ ಎತ್ತಿ ಓಡಾಡಬೇಕಾದವರು ಅವರು. ಮನೆಗೆ ಹೋಗಿ ಕೇಳೋಣ ಎಂದುಕೊಂಡೆ. ಆದರೆ ಮನೆಗೆ ಹೋದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ತಲೆನೋವು ಎನ್ನುತ್ತಾರೆ, ಮಗ್ಗುಲು ಬದಲಿಸಿ ಮಲಗುತ್ತಾರೆ, ನನ್ನ ವೀಸಾ ಮುಗಿಯುತ್ತದೆ, ನಾನು ಹೋಗುತ್ತೇನೆ, ಫೋನ್ ಬರುತ್ತದೆ.

"ಹೇಳಿ" ಎಂದೆ.

ಉಮ್ಮು ಖಾಲಿದ್ ಬಳೆಯ ಕೈಯಿಂದ ಮರದ ಗೋಡೆಗೆ ದಬದಬ ಬಡಿದು ಅರಬ್ಬಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಆ ಕಡೆ ಅಬೂ ಖಾಲಿದ್ "ಮಬ್ರೂಕ್, ಮಬ್ರೂಕ್!" ಎಂದು ಕೂಗಿದ. ಶುಭವಾಗಲಿ ಎಂದಂತೆ. ಇವರ ಬೆನ್ನು ತಟ್ಟಿದ ಸದ್ದೂ ಕೇಳಿತು. ನಮ್ಮವರ ದನಿ ಮಾತ್ರ ಕೇಳಲಿಲ್ಲ, ಕೆಮ್ಮೂ ಇಲ್ಲ. ಗೆದ್ದೆ ಎಂದು ನನಗೇನೂ ಅನ್ನಿಸಲಿಲ್ಲ. ಹೊಟ್ಟೆಯಲ್ಲಿ ಬದನೆಕಾಯಿ ಕಲ್ಲಿನ ಹಾಗೆ ಕೂತಿತ್ತು.

ವಾಪಸ್ ಬರುವಾಗ

ಅವರನ್ನು ಬೀಳ್ಕೊಡುವಷ್ಟರಲ್ಲಿ ಒಂದೂವರೆ ದಾಟಿತ್ತು. ಆ ಹೊತ್ತಿನಲ್ಲೂ ಸಮುದ್ರದಂಡೆಯಲ್ಲಿ ಚಾಪೆ ಹಾಸಿಕೊಂಡು ಸಂಸಾರಗಳು ಚಹಾ ಕುಡಿಯುತ್ತಿದ್ದವು, ಮಕ್ಕಳು ಸೈಕಲ್ ಹೊಡೆಯುತ್ತಿದ್ದವು. ಈ ಊರಿನಲ್ಲಿ ಯಾರೂ ಮಲಗುವುದೇ ಇಲ್ಲವೇ ಎಂದು ಅದಕ್ಕೂ ಸಿಟ್ಟು ಬಂತು. ಇವರು ಸ್ವಲ್ಪ ದೂರ ಕಾರು ಓಡಿಸಿ, ಬದಿಗೆ ನಿಲ್ಲಿಸಿದರು.

ನಾನು ಸುಮ್ಮನಿರುವವಳಲ್ಲ. "ಬೇರೆ ಯಾರಾದರೂ ಇದ್ದಾರಾ?" ಎಂದು ನೇರವಾಗಿ ಕೇಳಿದೆ.

"ಥೂ, ಏನ್ ಮಾತು ಅದು."

"ಮತ್ತೆ ಮೂರು ಸಲ ಸುಳ್ಳು ಯಾಕೆ ಹೇಳಿದ್ರಿ? ಊರಲ್ಲಿ ನಾನು ಯಾರ್ಯಾರಿಗೆ ಉತ್ತರ ಹೇಳ್ದೆ ಗೊತ್ತಾ? ಆ ಪಾಪದ ಮನುಷ್ಯನನ್ನು ನಮ್ಮ ಬೀದಿಯವರೆಲ್ಲ ರಾಕ್ಷಸ ಅಂದ್ಕೊಂಡಿದ್ದಾರೆ."

ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳಗೆ ಎಸಿ ಇತ್ತು, ಮಂಜೇನೂ ಕಟ್ಟಿರಲಿಲ್ಲ.

"ಊರಿಗೆ ಹೋದ ದಿನಾನೇ ಎಲ್ರೂ ಕೇಳ್ತಾರೆ, ಯಾವಾಗ ವಾಪಸ್ ಅಂತ. ಆಟೋದವನೂ ಕೇಳ್ತಾನೆ. ಅದು ಬಿಡು. ಇಷ್ಟು ವರ್ಷ ಬಾಡಿಗೆ ಮನೆಗೆ ಬಂದು ಹೋಗ್ತಿದ್ದೆ. ನಡೀತು. ಆ ಮನೇಲಿ ಒಂದು ರಾತ್ರಿ ಮಲಗಿ ಎದ್ರೆ ನನಗೆ ಇಲ್ಲಿಗೆ ಬರೋಕೆ ಆಗಲ್ಲ ಪದ್ಮಾ. ಗೊತ್ತು ನನಗೆ. ಕಾಲೇ ಏಳಲ್ಲ. ಅದಕ್ಕೇ ಮುಂದಕ್ಕೆ ಹಾಕ್ತಾ ಬಂದೆ."

ಒಂಬತ್ತು ವರ್ಷದ ಸಿಟ್ಟನ್ನು ಕೂಡಿಸಿಟ್ಟುಕೊಂಡಿದ್ದೆ. ಈ ಮಾತಿಗೆ ಅದು ಕರಗಬೇಕಿತ್ತು. ಇಲ್ಲ, ಇನ್ನೂ ಏರಿತು. ಇಷ್ಟು ಪ್ರೀತಿಯ ಮಾತನ್ನು ಕಫೀಲನ ತಲೆಯ ಮೇಲೆ ಹಾಕಿ ಬಚ್ಚಿಟ್ಟಿದ್ದರಲ್ಲ ಈ ಮನುಷ್ಯ!

"ಇದನ್ನು ಫೋನಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಬಂದುಬಿಡಿ ಅಂತಿದ್ದೆ."

"ಮತ್ತೆ? ಬೇಡ ಅಂತಿದ್ನಾ ನಾನು?"

ಇವರು ನನ್ನ ಕಡೆ ತಿರುಗಿದರು. ಖೋಬರಿಗೆ ಬಂದ ಮೇಲೆ ಅವರು ನನ್ನನ್ನು ಸರಿಯಾಗಿ ನೋಡಿದ್ದು ಆಗಲೇ ಎಂದು ಅನ್ನಿಸಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಳುತ್ತಲೇ ಹೇಳಿದೆ, "ಶನಿವಾರ ಹೋದಾಗ ಬರೀ ರಜೆ ಕೇಳ್ಬೇಡಿ. ಫೈನಲ್ ಎಕ್ಸಿಟ್ ಕೇಳಿ."

ಆ ಎರಡು ಶಬ್ದಕ್ಕೆ ಗಲ್ಫಿನ ನಮ್ಮ ಜನ ಎಷ್ಟು ಬೆಚ್ಚುತ್ತಾರೆ ಎಂದು ನನಗೆ ಎರಡೇ ವಾರದಲ್ಲಿ ಗೊತ್ತಾಗಿತ್ತು. ಕೆಲಸ ಬಿಟ್ಟು ಪಾಸ್‌ಪೋರ್ಟಿಗೆ ಆ ಮುದ್ರೆ ಒತ್ತಿಸಿಕೊಂಡವರಿಗೆ ತಿರುಗಿ ಬರುವ ಬಾಗಿಲಿಲ್ಲ. ಇವರ ಕೈ ಸ್ಟೀರಿಂಗ್ ಮೇಲೆ ಹಾಗೇ ಇತ್ತು.

"ಹೆದರಿಕೆ ಆಗತ್ತೆ ಪದ್ಮಾ."

"ನನಗೂ ಆಗತ್ತೆ" ಎಂದೆ. "ಆದ್ರೂ ಕೇಳಿ."